ಒತ್ತು, ಇಡ್ಕೊ, ಬುಡು

ಅಫ್ರೋಜ್‌ಗೆ ಇವತ್ತು ಐಟಿಐ ಪರೀಕ್ಷೆ.
ಹಾಗಾಗಿ ಕೊರಳಿನ ಟೇಪೂ ತೆಗೆಯದೆ
ಬಂದು ಕೂತಿದ್ದೇನೆ ನಾನು
ನರ್ಸು ದೇವೀರಮ್ಮನ ಹಳೇ ಆಲ್ಟೊದಲ್ಲಿ,
ಸ್ಟೀರಿಂಗಿನ ಹಿಂದೆ.
ಓಡಿಸಲು ಬಾರದು. ತುಳಿಯಲು ಬರುತ್ತದೆ.

ಗುತ್ತಲು ರಸ್ತೆಯ ಈ ಶೆಡ್ಡು ಅರ್ಧ ಇವನದು, ಗ್ರೀಸು;
ಅರ್ಧ ನನ್ನದು, ರವಿಕೆ, ಫಾಲ್ಸು, ಜಿಗ್‌ಜಾಗು.
ನಡುವೆ ಒಂದು ತಗಡು.
ಹದಿನಾಲ್ಕು ವರ್ಷದಿಂದ ಆಚೆ ಸುತ್ತಿಗೆ ಬಿದ್ದರೂ
ಈಚೆ ನನ್ನ ಹೊಲಿಗೆ ಸೊಟ್ಟಗಾಗಿಲ್ಲ.

ಚಕ್ರ ಬಿಚ್ಚಿದ ಕಡೆಯಿಂದ ದನಿ ಮಾತ್ರ ಬರುತ್ತದೆ:
ಒತ್ತು.
ಒತ್ತುತ್ತೇನೆ.
ಇಡ್ಕೊ.
ಹಿಡಿಯುತ್ತೇನೆ. ಅಲ್ಲೆಲ್ಲೋ ನಿಪ್ಪಲ್ಲು ಸಡಿಲಾಗಿ
ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ
ಪೆಡಲು ಇಳಿದುಹೋಗುತ್ತದೆ.
ಬುಡು.
ಬಿಡುತ್ತೇನೆ.

ಬೆಳಗಿನಿಂದ ಈ ಮೂರೇ ಮಾತಿನ ಸಂಸಾರ.
ನಿನ್ನೆ ಚೀಟಿ ದುಡ್ಡಿಗೆ ಎದ್ದ ಜಗಳದಲ್ಲಿ
ಮಿಕ್ಕವೆಲ್ಲ ಖರ್ಚಾದವು.
ಇವಿಷ್ಟು ಇಲ್ಲದೆ ಕೆಲಸ ಸಾಗದು, ಅದಕ್ಕೇ ಇವಿಷ್ಟು.

ಬಾಟಲಿಯ ಪೈಪಿನಲ್ಲಿ ಜೋನಿಬೆಲ್ಲದ ಬಣ್ಣ ಹೋಗಿ
ಎಣ್ಣೆ ತಿಳಿಯಾಯಿತು. ಗುಳ್ಳೆ ನಿಂತವು.
ಒತ್ತಿ ನೋಡಿದರೆ
ನೀರು ಹೆಚ್ಚಾದ ಮುದ್ದೆಗೆ ಬೆರಳಿಟ್ಟ ಹಾಗೆ.
ಎರಡು ಸಲ ಪಟಪಟ ತುಳಿದರೆ ಗಟ್ಟಿ,
ಒಂದು ಗುಟುಕು ಟೀ ಇಳಿಯುವಷ್ಟರಲ್ಲಿ ಮತ್ತೆ ಮೆತ್ತಗೆ.

ಎಣ್ಣೆ ಕುಗ್ಗಲ್ಲ ಕಣೆ, ಗಾಳಿ ಕುಗ್ತದೆ, ಅಂದಿದ್ದ
ಮದುವೆಯ ಹೊಸದರಲ್ಲಿ,
ಸಿನಿಮಾ ಬಿಟ್ಟು ನಡೆದು ಬರುವಾಗ
ಹೇಳಲು ಬೇರೇನೂ ತೋಚದೆ.
ನೆನಪಿದೆ ನನಗೆ. ಸಿನಿಮಾ ಯಾವುದೋ ಮರೆತಿದೆ.

ಎರಡನೇ ಡಬ್ಬಿ ಎಣ್ಣೆ ಮುಗಿಯಿತು.
ಮಾಸ್ಟರ್ ಸಿಲಿಂಡರೇ ಹೋಗಿರಬೇಕು,
ಎಂದು ಗೊಣಗಿದ, ನನಗಲ್ಲ, ಪಾನಾಕ್ಕೆ.
ಅದರ ಬೆಲೆ ಮನಸ್ಸಿನಲ್ಲೇ ಕೂಡುತ್ತಿದ್ದಾನೆ, ಗೊತ್ತು;
ಕೂಡಿದ್ದು ಎಲ್ಲಿಂದ ಕಳೆಯಬೇಕು ಅದೂ ಗೊತ್ತು.
ಆರಕ್ಕೆ ದೇವೀರಮ್ಮ ಬರುತ್ತಾಳೆ. ರಾತ್ರಿ ಪಾಳಿ.
ಕೊತ್ತತ್ತಿ ಕಡೆಗೆ, ನಾಲೆ ಏರಿಯ ಮೇಲೆ,
ಎದುರಿಗೆ ಕಬ್ಬಿನ ಟ್ರಾಕ್ಟರು ದೀಪವಿಲ್ಲದೆ.

ಮೊಣಕಾಲು ಹಿಡಿದುಕೊಂಡಿತ್ತು. ಇಳಿದೆ.
ಸೆರಗು ಸಿಕ್ಕಿಸಿ ಚಕ್ರದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತೆ.
ಹೊಸ ಕ್ಯಾಲಿಪರು, ಮಸಿಯಿಲ್ಲದ ಮೈ,
ಅದರ ತುದಿಗೆ ರಬ್ಬರ್ ಟೋಪಿಯ ನಿಪ್ಪಲ್ಲು.
ಯಾಕೆ ಈ ಮೂಗುಬೊಟ್ಟು ನೆಲ ನೋಡ್ತಾ ಅದೆ?
ಅಂದೆ.

ಇವನು ಮಾತಾಡಲಿಲ್ಲ.
ಎದ್ದು ಆ ಬದಿಗೆ ಹೋಗಿ ಬಗ್ಗಿದ. ಅಲ್ಲೂ ನೆಲವನ್ನೇ ನೋಡುತ್ತಿತ್ತು.

ರವಿಕೆಯ ಎರಡು ತೋಳೂ ನೋಡಲು ಒಂದೇ,
ಮುಂದಿನ ಕಂಕುಳ ಕೊರೆತ ಒಂದು ನೂಲು ಆಳ, ಅಷ್ಟೆ.
ಹೋದ ವರ್ಷ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿ
ಮದುವಣಗಿತ್ತಿ ಕೈ ಎತ್ತಲಾರದೆ ಅತ್ತಿದ್ದಳು.
ಕರೆಂಟಿಲ್ಲದ ಆ ರಾತ್ರಿ ಬಿಚ್ಚಿ ಹೊಲಿಯುವವರೆಗೆ
ಟಾರ್ಚು ಹಿಡಿದವನು ಇವನು,
ಆಕಳಿಸುತ್ತಾ, ಬೆಳಕು ಅಲುಗಿಸದೆ.

ನಿನ್ನೆಯೂ ಕರೆಂಟು ಹೋಗಿತ್ತು.
ಮೊಬೈಲನ್ನು ಹಲ್ಲಲ್ಲಿ ಕಚ್ಚಿ ಒಬ್ಬನೇ ಕೂರಿಸುತ್ತಿದ್ದ.
ತಗಡಿನ ಸಂದಿಯಲ್ಲಿ ಕಂಡಿತ್ತು ನನಗೆ,
ಎದ್ದು ಹೋಗಿರಲಿಲ್ಲ.

ಗಾಳಿ ಮೇಲಕ್ಕೇರುವ ಜಾತಿ.
ಬಾಗಿಲು ಕೆಳಗಿಟ್ಟು ಹೋಗು ಹೋಗು ಅಂದರೆ
ಎಲ್ಲಿಂದ ಹೋಗುತ್ತದೆ?

ಬಿಚ್ಚಿದ. ಅದಲು ಬದಲು ಮಾಡಿದ.
ಹೊಲಿಯುವುದಕ್ಕಿಂತ ಬಿಚ್ಚುವುದೇ ಹೊತ್ತು ಹಿಡಿಯುವ ಕೆಲಸ.
ಪೈಪು ಹಿಡಿದುಕೊಂಡೆ ನಾನು. ತಾಮ್ರದ ವಾಷರು ಕೊಟ್ಟೆ.
ಮತ್ತೆ ಸೀಟಿಗೆ.
ಒತ್ತು. ಇಡ್ಕೊ.
ಈ ಸಲ ಪೈಪಿನಲ್ಲಿ ಬುಳಬುಳ ಸದ್ದು
ನನಗೂ ಕೇಳಿಸಿತು.
ಬುಡು.

ಎಷ್ಟನೆಯದೋ ಒತ್ತಿಗೆ ಪೆಡಲು ಅರ್ಧದಲ್ಲೇ ನಿಂತಿತು.
ನಿಂತೇ ಇತ್ತು.
ಬುಡು ಅಂದರೂ ಒಂದು ಗಳಿಗೆ ಬಿಡಲಿಲ್ಲ ನಾನು.

ಚೀಟಿಯ ಲೆಕ್ಕ ಹಾಗೇ ಇದೆ.
ಕೈ ಒರೆಸುತ್ತಾ ಬಾಗಿಲ ಹತ್ತಿರ ಬಂದು
ನಿನ್ನ ಟೇಪು ಎಣ್ಣೆಗೆ ಬಿದ್ದದೆ, ಅಂದ,
ಇವತ್ತಿನ ನಾಲ್ಕನೇ ಮಾತು.

ಬಣ್ಣ ತಿನ್ನುವ ಎಣ್ಣೆ ಅದು.
ಮೂವತ್ತೆರಡರಿಂದ ಮೂವತ್ತಾರರ ತನಕ ಅಂಕಿ ಅಳಿಸಿಹೋಗಿವೆ.
ನನ್ನಲ್ಲಿಗೆ ಬರುವವರೆಲ್ಲ ಹೆಚ್ಚುಕಡಿಮೆ ಅದೇ ಅಳತೆ.
ನಾಳೆ ಕಣ್ಣಂದಾಜಿನಲ್ಲೇ ಕತ್ತರಿ ಹಾಕಬೇಕು.