ಒಣಗಲು ನಾಲ್ಕು ಗಂಟೆ

ಮೊದಲು ಬಿಸಿನೀರಲ್ಲಿ ಕೈ ತೊಳೆದುಕೋ, ಅಲ್ಫೋನ್ಸ್.
ತೋಳು ಇಳಿಬಿಡು, ನೆತ್ತರು ತುದಿಗೆ ಬರಲಿ.
ಉಂಗುರದ ಬೆರಳು ಕೊಡು.
ಉಂಗುರ ಇಲ್ಲದಿದ್ದರೂ ಅದನ್ನೇ ಕೊಡು.

ಕಾರ್ಡಿನ ಮೇಲೆ ಅಚ್ಚು ಹಾಕಿದ ಐದು ವೃತ್ತ,
ನಮ್ಮಮ್ಮ ಮೊಕಸಿನ್ ಮೇಲೆ ಮಣಿಯಲ್ಲಿ ಹೊಲಿಯುತ್ತಿದ್ದ
ಹೂವಿನ ನಡುಬೊಟ್ಟಿನಷ್ಟು.
ಒಂದಕ್ಕೆ ಒಂದು ಹನಿ. ಸವರಬಾರದು, ಒತ್ತಬಾರದು,
ತಾನಾಗಿ ಬೀಳಬೇಕು.
ಆಮೇಲೆ ಒಣಗಲು ನಾಲ್ಕು ಗಂಟೆ,
ಒಲೆಯಿಂದ ದೂರ, ನಾಯಿಯಿಂದ ದೂರ,
ನನ್ನ ಮೊಮ್ಮಗನ ಜಾಮ್ ಬೆರಳಿನಿಂದ ಇನ್ನೂ ದೂರ.

ಇಷ್ಟಕ್ಕಾಗಿ ಮುಂಚೆ
ಹಿಮದ ರಸ್ತೆಯಲ್ಲಿ ಒಂಬತ್ತು ಗಂಟೆ ಹೋಗುತ್ತಿದ್ದೆವು,
ಸರೋವರ ಗಟ್ಟಿಯಾಗಿದ್ದರೆ.
ಮ್ಯಾನಿಟೋಬಾದ ನಕ್ಷೆಯಲ್ಲಿ ನಮ್ಮೂರು
ಮಡಿಕೆ ಬಿದ್ದು ಸವೆದ ಕಡೆ ಇದೆ.
ನರ್ಸ್ ಬರಬೇಕಾದ ಮಂಗಳವಾರ ಬಿರುಗಾಳಿ ಬರುತ್ತಿತ್ತು.
ಗಾಳಿ ಇಲ್ಲದ ಮಂಗಳವಾರ, ಸೀಸೆಗೆ ತೆಗೆದ ರಕ್ತ
ವಿಮಾನ ಕಾದು ಕಾದು ಕೆಡುತ್ತಿತ್ತು, ದಡದ ಮೀನಿನ ಹಾಗೆ.

ಕ್ಲಿನಿಕ್ಕಿಗೆ ಎರಡು ಬಾಗಿಲು.
ಎಡಗಡೆಯದ್ದಕ್ಕೆ ಯಾರು ಹೋದರೆಂದು
ಸಂಜೆಯೊಳಗೆ ಅಂಗಡಿಯ ತಕ್ಕಡಿಗೂ ಗೊತ್ತು.
ನನ್ನ ತಂಗಿ ವರ್ನಾ ಎರಡು ವರ್ಷ
ಬಲಗಡೆಯಿಂದಲೇ ಹೋಗಿ ಕೆಮ್ಮಿನ ಔಷಧಿ ತಂದಳು.
ಅವಳಿಗೆ ಕೆಮ್ಮಿರಲಿಲ್ಲ.
ಹನ್ನೆರಡು ವಾರ ಮಾತ್ರೆ ನುಂಗಿದ್ದರೆ
ಹೋಗುವಂಥ ಹೆಪಟೈಟಿಸ್ ಅಂತೆ.
ಲಿವರ್ ಎಲ್ಲಿರುತ್ತದೆಂದು ನನಗೆ ತಿಳಿದದ್ದೇ
ಅವಳ ಹೊಟ್ಟೆ ಊದಿದ ಮೇಲೆ.

ಈಗ ನಾನೇ ಮನೆಮನೆಗೆ ಬರುತ್ತೇನೆ.
ಸಂಚಿಯ ತಳದಲ್ಲಿ ಕಾರ್ಡು, ಮೇಲೆ ಬ್ಯಾನಕ್ ರೊಟ್ಟಿ.
ನೋಡಿದವರು, ಡೆಲ್ಫೀನ್ ಕಸೂತಿ ಕಲಿಸಲು ಹೊರಟಳು, ಅಂತಾರೆ.
ಸೂಜಿಯ ಕೆಲಸವೇ ತಾನೆ. ಸುಳ್ಳೇನಲ್ಲ.

ಅಲ್ಫೋನ್ಸ್ ಕೈ ತೊಳೆಯಲಿಲ್ಲ.
ಎರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೇಳಿದ:
‘ಶಾಲೆಯಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ತೆಗೆದರು.
ನನಗಾಗ ಎಂಟು ವರ್ಷ. ಯಾತಕ್ಕೆಂದು ಹೇಳಲಿಲ್ಲ.
ಆ ರಕ್ತ ಎಲ್ಲಿದೆ?’
ಗೊತ್ತಿಲ್ಲ.
‘ಇದು ಎಲ್ಲಿಗೆ?’
ದಕ್ಷಿಣಕ್ಕೆ. ಪ್ರಯೋಗಾಲಯದಲ್ಲಿ ನೋಡುತ್ತಾರೆ.
‘ನೋಡಿ?’

ಫೋನ್ ಮಾಡಿದೆ. ಹದಿನೇಳು ನಿಮಿಷ ಪಿಟೀಲು ಕೇಳಿದೆ.
ಉಳಿದದ್ದನ್ನು ಸುಡುತ್ತಾರಂತೆ, ಕೇಳಿದರೆ.
ಬರೆದು ಕೊಡಬೇಕಂತೆ.
ನಾಲ್ಕು ವರ್ಷ, ಇನ್ನೂರು ಮನೆ,
ಕೇಳಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.
ನಾನೂ ಯಾರಿಗೂ ಹೇಳಿರಲಿಲ್ಲ.

ಅವನು ಸಕ್ಕರೆ ಡಬ್ಬಿಯ ಹಿಂದಿನಿಂದ ಪೆನ್ಸಿಲ್ ತೆಗೆದ.
ಕಾರ್ಡಿನ ಅಂಚಿನಲ್ಲಿ ಕ್ರೀ ಲಿಪಿಯಲ್ಲಿ ಬರೆದ,
ಒಂದೊಂದು ಅಕ್ಷರವೂ ಮೂಲೆ ತಿರುಗಿ ನಿಂತ ಹಾಗೆ.
ಅವರಿಗೆ ಓದಲು ಬರುವುದಿಲ್ಲ, ಅಂದೆ.
‘ಕಲಿಯಲಿ.’

ಆಮೇಲೆ, ‘ಮೊದಲು ನೀನು.’
ನಾನಾ?
ನನ್ನ ತೋಳಂಗಿಯ ಕಡೆ ನೋಡಿದ.
ಮಣಿಕಟ್ಟಿನ ಕಾಡುಬಾತು ಮಸುಕಾಗಿದೆ, ಒಂದು ರೆಕ್ಕೆ ಉಳಿದಿದೆ.
‘ಆ ಬೇಸಿಗೆ ಗುಡಾರದಲ್ಲಿ
ನಮಗೆಲ್ಲ ಹಚ್ಚೆ ಹಾಕಿದ ಸೂಜಿ ಒಂದೇ, ಡೆಲ್ಫೀನ್.
ನಿನಗೂ, ವರ್ನಾಗೂ.’

ಬಿಸಿನೀರಲ್ಲಿ ಕೈ ತೊಳೆದುಕೊಂಡೆ.
ತೋಳು ಇಳಿಬಿಟ್ಟೆ.

ಮೇಜಿನ ಮೇಲೆ ಎರಡು ಕಾರ್ಡು, ಹತ್ತು ಬೊಟ್ಟು,
ಕೆಂಪು ನಿಧಾನ ಕಂದಾಗುತ್ತಿದೆ.
ಚಹಾ ಮುಗಿಯಿತು. ಅವನು ಮೂರು ಸಲ ಎದ್ದು ಕಿಟಕಿ ನೋಡಿ ಬಂದ:
ಗುರುವಾರದ ವಿಮಾನ ಇಳಿಯಲು ಮಂಜು ದಾರಿ ಬಿಡಬೇಕು.
ಎಲ್ಲಿಂದಲೋ ಒಂದು ನೊಣ ಬಂತು.
ಇಬ್ಬರೂ ಒಟ್ಟಿಗೆ ಕೈ ಬೀಸಿದೆವು.