ಬಕೆಟ್ಟಿನ ಸದ್ದು

ಅಲ್ಮಾಟಿಯ ಮೃಗಾಲಯದಲ್ಲಿ ಹನ್ನೊಂದು ವರ್ಷ
ಸಗಣಿ ಬಾಚಿದ ಅಪ್ಪ
ಅವತ್ತು ಮೊದಲ ಸಲ ಟಿಕೆಟ್ಟು ಕೊಂಡ.
ಕಿಂಡಿಯ ಹೆಂಗಸು ದುಡ್ಡು ಬೇಡ ಅಂದರೂ
ಎಣಿಸಿ ಎಣಿಸಿ ಕೊಟ್ಟ, ಚಿಲ್ಲರೆ ಸಮೇತ.
ಇಸ್ತ್ರಿ ಮಾಡಿದ ನೀಲಿ ಅಂಗಿ,
ಮಾವನ ಮದುವೆಗೆ ತಂದು ಉಳಿದಿದ್ದ ಸೆಂಟು,
ತೊಳೆದೂ ತೊಳೆದೂ ಕೆಂಪಾದ ಕೈ.

ಬರುವಾಗ ಟ್ರಾಲಿಬಸ್ಸಿನಲ್ಲಿ ತಮ್ಮ ಅಲಿಬೆಕ್,
ಇನ್ನೂ ಹಲ್ಲು ಬಾರದವನು,
ಅಪ್ಪನ ತೊಡೆಯ ಮೇಲೆ ಕೂರಲೊಲ್ಲದೆ
ಕಿರುಚಿ ಕಿರುಚಿ ಅಮ್ಮನ ಕಡೆ ವಾಲಿದ್ದ.
"ಸೆಕೆಗೆ," ಅಂದಿದ್ದಳು ಅಮ್ಮ.
ಕಿಟಕಿಯಾಚೆ ಬೆಟ್ಟದ ನೆತ್ತಿಯಲ್ಲಿ ಹಿಮ ಹಾಗೇ ಇತ್ತು.

ನನಗೆ ಆಗ ಎಂಟು.
ಆ ಪ್ರಾಣಿಗಳೆಲ್ಲ ನೆಂಟರಷ್ಟು ಗೊತ್ತು ನನಗೆ.
ದಿನಾ ರಾತ್ರಿ ಸಾರಿನ ಬಟ್ಟಲ ಮುಂದೆ ಅಪ್ಪ ಬಿಚ್ಚುತ್ತಿದ್ದ ಸುದ್ದಿ:
ಕರಡಿ ಬತೀರ್ ನನ್ನ ಕಂಡರೆ ಎದ್ದು ನಿಲ್ಲುತ್ತಾನೆ,
ಹಿಪ್ಪೊ ಕ್ಲಾವಾ ಬಾಯಿ ತೆರೆದು 'ಬಂದೆಯಾ' ಅನ್ನುತ್ತಾಳೆ,
ಮುದಿ ಒಂಟೆಗೆ ನನ್ನ ಮೇಲೆ ಮುನಿಸು,
ಜ್ವರ ಬಂದು ಎರಡು ದಿನ ಹೋಗದಿದ್ದಕ್ಕೆ.
ಶಾಲೆಯಲ್ಲಿ ನಾನಿದಕ್ಕೆ ಇನ್ನಷ್ಟು ಉಪ್ಪು ಖಾರ ಹಚ್ಚಿದ್ದೆ.
ಅದಕ್ಕೇ ಗೆಳತಿ ರೌಶನ್ ಜೊತೆಗೆ ಬಂದಿದ್ದಳು,
ಸಾಕ್ಷಿಗೆ.

ಬತೀರ್ ಮಲಗಿದ್ದ. ಅಪ್ಪ ಕೆಮ್ಮಿದ.
ಹೆಸರು ಹಿಡಿದು ಕರೆದ, ಮೊದಲು ಮೆಲ್ಲಗೆ,
ಆಮೇಲೆ ಪಕ್ಕದವರು ತಿರುಗಿ ನೋಡುವಷ್ಟು.
ಕರಡಿ ಒಂದು ಕಣ್ಣು ತೆರೆದು
ಎಲ್ಲರನ್ನೂ ನೋಡಿದ ಹಾಗೇ ಅವನನ್ನೂ ನೋಡಿ
ಮುಚ್ಚಿತು.
"ಊಟ ಆಗಿದೆ ಅದಕ್ಕೆ," ಅಂದ ಅಪ್ಪ.

ಒಂಟೆ ಬೆನ್ನು ತಿರುಗಿಸಿತು.
ಮುನಿಸೇ ಇರಬೇಕೆಂದು ಸ್ವಲ್ಪ ಹೊತ್ತು ನಂಬಿದೆ.
ರೌಶನ್ ಏನೂ ಅನ್ನಲಿಲ್ಲ.
ಐಸ್‌ಕ್ರೀಮಿನ ಅಂಚು ನೆಕ್ಕುತ್ತ
ಏನೂ ಅನ್ನದೇ ಇರುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.
ದಾರಿಯಲ್ಲಿ ಚೆಲ್ಲಿದ್ದ ಸೂರ್ಯಕಾಂತಿ ಬೀಜದ ಸಿಪ್ಪೆ ಕಂಡು
ಅಪ್ಪ ಎರಡು ಸಲ ಬಗ್ಗಿದ,
ಎರಡು ಸಲವೂ ಅಮ್ಮ ತೋಳು ಹಿಡಿದಳು.

ಹಿಪ್ಪೊ ಕೊಳದ ಹತ್ತಿರ ನಿಂತಿದ್ದಾಗ
ಗೋಡೆಯಾಚೆ ಎಲ್ಲೋ
ತಗಡಿನ ಬಕೆಟ್ಟು ಸಿಮೆಂಟಿನ ಮೇಲೆ ಕುಕ್ಕಿದ ಸದ್ದು.
ಅಷ್ಟೇ.
ಹಸಿರು ನೀರು ಇಬ್ಭಾಗವಾಯಿತು.
ಕ್ಲಾವಾ ಎದ್ದಳು, ಮುಚ್ಚಳ ಮುರಿದ ಪೆಟ್ಟಿಗೆಯಂಥ ಬಾಯಿ ತೆರೆದು
ಆ ಸದ್ದಿನ ಕಡೆ ಹೊರಟಳು.
ಜನ ಚಪ್ಪಾಳೆ ತಟ್ಟಿದರು.
ರಬ್ಬರ್ ಬೂಟಿನ ಹುಡುಗನೊಬ್ಬ, ಬದಲಿಗೆ ಬಂದವನು,
ಎಲೆಕೋಸು ಎಸೆಯುತ್ತ ಅಪ್ಪನನ್ನು ಕಂಡ.
"ಸೈಸೆನ್ ಆಗಾ, ರಜೆಯಲ್ಲೂ ನಮ್ಮನ್ನ ಬಿಡಲ್ವಾ?"
ಅಪ್ಪ ನಕ್ಕ. ಆ ನಗು
ಮುಖದ ಮೇಲೆ ಸರಿಯಾಗಿ ಕೂರಲಿಲ್ಲ.
ಬಕೆಟ್ಟನ್ನೇ ನೋಡುತ್ತ ನಿಂತ.
ಅದರ ಹಿಡಿಗೆ ಅವನೇ ಸುತ್ತಿದ್ದ ಬಟ್ಟೆ,
ಅಮ್ಮನ ಹಳೇ ಲಂಗದ್ದು, ಕೆಂಪು ಹೂವಿನದು.

ಮಿಕ್ಕದ್ದನ್ನು ಬೇಗ ಬೇಗ ನೋಡಿದೆವು.
ಜಿರಾಫೆ ಇತ್ತು. ಕೋತಿಗಳಿದ್ದವು.

ಮನೆಗೆ ಬಂದು ಅಪ್ಪ ಅಂಗಿ ಬಿಚ್ಚಿ ಮಡಿಸಿಟ್ಟ.
ಕತ್ತು, ಕಂಕುಳು ಉಜ್ಜಿ ತೊಳೆದ.
ಚಳಿಯೇನೂ ಇರಲಿಲ್ಲ, ಆದರೂ
ಬಾಗಿಲ ಹಿಂದಿನ ಮೊಳೆಯಿಂದ ಕೆಲಸದ ಕೋಟು ತೆಗೆದು ಹಾಕಿಕೊಂಡ.
ಹುಲ್ಲು, ಮೀನು, ಉಚ್ಚೆ, ಒದ್ದೆ ಕಂಬಳಿಯಂಥದೇನೋ.
ಅಮ್ಮ ಬೈಯಲು ಬಾಯಿ ತೆರೆಯುವ ಮೊದಲೇ
ತಮ್ಮ ಎರಡೂ ಕೈ ಚಾಚಿದ್ದ.

ಸಾರು ತಣ್ಣಗಾಯಿತು. ಅವತ್ತು ಯಾವ ಸುದ್ದಿಯೂ ಇರಲಿಲ್ಲ.
ನಾನೇ ಕೇಳಿದೆ:
"ಒಂಟೆಗೆ ನಿಜವಾಗ್ಲೂ ಮುನಿಸಾ?"
ಕೋಟಿನ ಗುಂಡಿ ಚೀಪುತ್ತ ನಿದ್ದೆ ಹೋಗಿದ್ದ ಮಗುವಿನ ನೆತ್ತಿಯ ಮೇಲೆ
ಗದ್ದ ಊರಿ ಅಪ್ಪ ಬಹಳ ಹೊತ್ತು ಯೋಚಿಸಿದ.

"ಒಂಟೆಗೆ, ಹೌದು," ಅಂದ.