ಎರಡನೇ ಕೋಟು

ಹಿದ್‌ನ ಡ್ರೈಡಾಕಿಗೆ ಅದನ್ನು ಎಳೆದು ತಂದದ್ದು
ರಂಜಾನಿನ ಮೂರನೇ ದಿನ, ಬೆಳಗಿನ ಪಾಳಿ.
ನೀರಿಳಿಸಿದ ಮೇಲೆ ನೋಡಿದೆ: ಗುಲ್‌ನಾರ್.
ಹೊಟ್ಟೆಯ ತುಂಬ ಚಿಪ್ಪು, ಪಾಚಿ,
ಮುದಿ ಎಮ್ಮೆ ಕೆರೆಯಿಂದ ಎದ್ದು ನಿಂತ ಹಾಗೆ.

ಹಳೇ ಗುರುತು, ಅಂದೆ ಕುಞಂಬುವಿಗೆ.
ಸ್ಪ್ರೇ ಗನ್ನಿನ ಮೂತಿ ತೊಳೆಯುತ್ತಿದ್ದವನು
ಹೆಂಗಸಿನ ವಿಷಯವೋ, ಅಂದ.

ಎಪ್ಪತ್ನಾಲ್ಕರಲ್ಲಿ, ಬೊಂಬಾಯಿ ಧಕ್ಕೆ.
ಡೆಕ್ಕಿನ ಟಿಕೇಟು, ತಗಡಿನ ಟ್ರಂಕು,
ಗಂಗೊಳ್ಳಿಯ ಒಣಮೀನಿನ ಪೊಟ್ಟಣ.
ವಾಸನೆಗೆ ಪಕ್ಕದ ಚಾಪೆಯವನು ಎದ್ದೇ ಹೋದ.
ಖಾರ್ವಿಯ ಮಗ ನಾನು, ಆರು ರಾತ್ರಿ,
ಆರೂ ರಾತ್ರಿ ವಾಂತಿ.
ಮಸ್ಕತ್ತಿನಲ್ಲಿ ಹತ್ತಿದ ಯಾರೋ ಒಬ್ಬಳು ನಿಂಬೆಹಣ್ಣು ಕೊಟ್ಟಳು.
ಮುಖ ಮರೆತಿದೆ. ಸಿಪ್ಪೆಯನ್ನು ಕಿಸೆಯಲ್ಲಿಟ್ಟುಕೊಂಡು
ಬಹರೇನಿನಲ್ಲಿ ಇಳಿದದ್ದು ನೆನಪಿದೆ.

ನಾವು ಮಲಗಿದ್ದ ಆ ಡೆಕ್ಕಿನ ಮೇಲೆ ಈಗ
ಹೆಲಿಕಾಪ್ಟರ್ ಇಳಿಯಲೆಂದು ಉಕ್ಕಿನ ಹಲಗೆ ಬೆಸೆದರು.
ಊಟದ ಸಾಲೆಯಲ್ಲಿ ಮರಳಿನ ಚೀಲ.
ಚಿಲ್ಲರೆ ತಂದಿಲ್ಲವೆಂದು ನನ್ನನ್ನು ಬೈದ ಗುಮಾಸ್ತನ
ಅದೇ ಪುಟ್ಟ ಕಿಟಕಿಯಲ್ಲಿ ಮೆಷಿನ್ ಗನ್ನಿನ ಕಾಲು.
ಯಾವ ದೇಶಕ್ಕೆ ಬಾಡಿಗೆ, ಅಂತ ಕೇಳಿದರೆ
ಫೋರ್‌ಮನ್ ರೆನಾಟೊ ಅಂದ:
ಬೂದು ಬಣ್ಣದ ದೇಶಕ್ಕೆ. ನಡಿ, ಡಬ್ಬ ತೆಗಿ.

ಬೂದು ಬಳಿಯುವುದು ಸುಲಭ ಅಂದುಕೊಂಡವರು
ಬ್ರಷ್ಷು ಹಿಡಿದವರಲ್ಲ.
ಒಂದು ಕೋಟಿಗೆ ಹೆಸರು ಮುಳುಗುವುದಿಲ್ಲ,
ಬಿಸಿಲು ಓರೆಯಾದರೆ ಸಾಕು
ಒಂದೊಂದೇ ಅಕ್ಷರ ಎದ್ದು ಕೂರುತ್ತದೆ.
ಉಳಿಯಿಂದ ಕೆತ್ತಿದೆವು. ಮತ್ತೆ ಬಳಿದೆವು.
ಮೇಲೆ ನಂಬರು ಬರೆದದ್ದು ನಾನೇ,
ಕೈ ನಡುಗಲಿಲ್ಲ. ಓವರ್‌ಟೈಮ್ ಇತ್ತು.

ಮಕ್ಕಳ ಕೋಣೆಗೆ ಕೊನೆಯಲ್ಲಿ ಬಂದೆ.
ಗೋಡೆಯ ತುಂಬ ಮೀನು. ಬರೆದವನು
ಮೀನು ಕಂಡವನಲ್ಲ, ಪಾಪ:
ತೊರಕೆಗೆ ನಗು, ಸೀಗಡಿಗೆ ಟೋಪಿ,
ಬಂಗುಡೆಗೆ ಉದ್ದುದ್ದ ಕಣ್ರೆಪ್ಪೆ.
ಅವಕ್ಕೂ ಬೂದು.
ಪಾಳಿ ಮುಗಿಯುವಾಗ ಪೈಪಿನ ಹಿಂದೆ, ತಳದಲ್ಲಿ,
ಒಂದು ಬಂಗುಡೆ ಉಳಿದಿತ್ತು.
ಬ್ರಷ್ಷು ತಲುಪುವುದಿಲ್ಲ ಅಂದೆ ರೆನಾಟೊನಿಗೆ.
ತಲುಪುತ್ತಿತ್ತು.

ಹೋಯಿತು. ಹದಿನಾಲ್ಕು ತಿಂಗಳು.
ರಾತ್ರಿ ಕ್ಯಾಂಪಿನ ತಾರಸಿಯಲ್ಲಿ ನಿಂತರೆ ದೂರ ಕೆಂಪು.
ತೈಲದ ಹಡಗು ಉರಿಯುತ್ತಿದೆ ಅಂತ ಒಬ್ಬ,
ಸಿತ್ರಾದ ರಿಫೈನರಿ ಕಣಾ ಅದು ಅಂತ ಇನ್ನೊಬ್ಬ,
ಹತ್ತು ಫಿಲ್ಸ್ ಪಂಥ.
ಮನೆಗೆ ಬರೆದೆ: ಇಲ್ಲೆಲ್ಲ ಕ್ಷೇಮ, ಸೆಖೆ ಮಾತ್ರ ಜಾಸ್ತಿ.

ಮರಳಿ ಬಂದಾಗ ಬಲ ಮಗ್ಗುಲಿನಲ್ಲಿ
ಎತ್ತಿನಗಾಡಿ ಹಾಯುವಷ್ಟು ತೂತು.
ಮತ್ತೆ ಬಿಳಿ ಬಳಿಸುತ್ತಾರೆಂದು
ನಾನು ಸುಮ್ಮನೆ ಅಂದುಕೊಂಡಿದ್ದೆ.
ಇಲ್ಲ. ಗುಜರಿಗೆ ಹೋಗುವ ದಾರಿಯಲ್ಲಿ ಮುಳುಗದಂತೆ
ತಗಡು ಹೊಲಿದು ಕಳಿಸುವುದು, ಅಷ್ಟೇ ಕೆಲಸ.

ಅಳತೆಯ ನೆಪದಲ್ಲಿ ಮಕ್ಕಳ ಕೋಣೆಗೆ ಹೋದೆ.
ಡೆಟ್ಟಾಲಿನ ವಾಸನೆ. ಸಲೈನ್ ತೂಗುವ ಕೊಕ್ಕೆ. ಆರು ಮಂಚದ ಗುರುತು.
ನಿಂತು ನೋಡಿದರೆ ಪೈಪಿನ ಹಿಂದೆ ಏನೂ ಇಲ್ಲ.
ಮಂಚವಿದ್ದ ಜಾಗದಲ್ಲಿ ಅಂಗಾತ ಮಲಗಿ
ತಲೆ ಎಡಕ್ಕೆ ಹೊರಳಿಸಿದೆ.
ಆಗ ಕಂಡಿತು.

ಕಣ್ರೆಪ್ಪೆಗಳನ್ನು ಯಾರೋ
ಉಗುರಿನಿಂದ ಕೆರೆದು ತೆಗೆದಿದ್ದ.
ಪೆನ್ಸಿಲ್ಲಿನಲ್ಲಿ ಬೆನ್ನಿನುದ್ದಕ್ಕೂ ಪಟ್ಟೆ ಎಳೆದಿದ್ದ,
ರೆಕ್ಕೆಯ ಬುಡದಲ್ಲಿ ಒಂದು ಕಪ್ಪು ಚುಕ್ಕೆ.
ಬಂಗುಡೆಯನ್ನು ಕೈಯಲ್ಲಿ ಹಿಡಿದು ಸೀಳಿದವರಿಗಲ್ಲದೆ
ಆ ಚುಕ್ಕೆ ತಿಳಿಯುವುದಿಲ್ಲ.
ಯಾವ ಕಡಲ ಬದಿಯವನೋ,
ಅದನ್ನವನು ಏನಂತ ಕರೆಯುತ್ತಿದ್ದನೋ.
ಬಾಲದ ಹತ್ತಿರ ಗೆರೆ ನಿಂತಿತ್ತು.

ಹೊರಗೆ ಕುಞಂಬು ಕೂಗುತ್ತಿದ್ದ,
ಗ್ಯಾಸ್ ಹೊತ್ತಿಸಿಯಾಗಿತ್ತು.
ನನ್ನ ಕಿವಿಯ ಮೇಲೆ ಅಳತೆಯ ಪೆನ್ಸಿಲ್ಲು.
ತೆಗೆದೆ. ಮತ್ತೆ ಕಿವಿಗೇ ಸಿಕ್ಕಿಸಿದೆ.